ಒಂಬತ್ತು ಇಂಚಿನ ಚೆರ್ರಿ

ಒಂಬತ್ತು ಇಂಚು ಮೀರಿದ ಮರ ಬೆಳೆಸುವುದು ಅಪರಾಧವಾಗಿ ಇಪ್ಪತ್ತು ವರ್ಷವಾಗಿತ್ತು. ತಪಾಸಣೆಗೆ ಬಂದ ಬಸವಂತಪ್ಪ ಇಂದುಮತಿಯ ಚೆರ್ರಿ ಕುಂಡದ ಮಣ್ಣಿನ ಮೇಲೆ ಸ್ಕೇಲು ನಿಲ್ಲಿಸಿದ.

"ಅರ್ಧ ಇಂಚು ಜಾಸ್ತಿ. ತುದಿ ಕತ್ತರಿಸಿ."

"ತುದೀಲೇ ಮೊಗ್ಗಿರೋದು. ಹನ್ನೊಂದು ವರ್ಷಕ್ಕೆ ಇದೇ ಮೊದಲು. ಹೂ ಉದುರಿದ್ಮೇಲೆ ಕತ್ತರಿಸ್ತೀನಿ, ಚೆರ್ರಿಗೆ ಅದೇ ಕ್ರಮ."

"ನಂಗೇ ಕ್ರಮ ಹೇಳ್ಕೊಡ್ತೀರಾ? ಬುಡಸಮೇತ ಕಿತ್ತು ಒಯ್ಯಲಾ?"

ಇಂದುಮತಿ ಎರಡು ಹಿಡಿ ಮಣ್ಣು ತಂದು ಕಾಂಡದ ಸುತ್ತ ಒತ್ತಿದಳು.

"ಈಗ ಅಳೀರಿ."

ಅಳತೆ ಒಂಬತ್ತಕ್ಕೆ ಇಳಿದಿತ್ತು. ಬಸವಂತಪ್ಪ ಕುಂಡಕ್ಕೆ ಮುದ್ರೆ ಒತ್ತಲು ಅರಗು ಕಾಯಿಸುತ್ತಾ ನಕ್ಕ.

"ಮುದ್ರೆ ಬಿದ್ಮೇಲೆ ಒಂದು ವರ್ಷ ಈ ಮಣ್ಣು ಮುಟ್ಟಂಗಿಲ್ಲ, ಗೊತ್ತಲ್ಲ? ಅಷ್ಟರಲ್ಲಿ ಮಣ್ಣಲ್ಲಿ ಹೂತ ತೊಗಟೆ ಕೊಳೆತು ಮರ ಸಾಯುತ್ತೆ."

"ಹೂ ಬಿಟ್ಟು ಸಾಯಲಿ. ಮುದ್ರೆ ಒತ್ತಿ, ಹೊರಡಿ."