ಫಿಟ್‌ನೆಸ್ ಸರ್ಟಿಫಿಕೇಟ್

“ಇಲ್ಲಿ ನೋಯುತ್ತಾ?” ಡಾಕ್ಟರ್ ಪದ್ಮನಾಭ ಹೆಬ್ಬೆರಳಿನಿಂದ ವೈಭವಿಯ ಸೊಂಟದ ಮೂಳೆಯನ್ನು ಒತ್ತಿದರು. ಕ್ಲಿನಿಕ್ಕಿನ ಮಂಚದ ತುದಿಯಲ್ಲಿ ಕೂತಿದ್ದ ಹದಿನಾಲ್ಕರ ಹುಡುಗಿ ಗದ್ದ ಎತ್ತಿ ನಕ್ಕಳು. “ಇಲ್ಲ ಸರ್.”

“ಸ್ವಲ್ಪ ಹಿಂದಕ್ಕೆ ಬಾಗು.” ಬಾಗಿದಳು. ನಗು ಇನ್ನಷ್ಟು ಅಗಲವಾಯಿತು. “ಇಷ್ಟು ನಗ್ತಿದ್ದಾಳಲ್ಲ, ಇನ್ನೇನಮ್ಮ?” ಎನ್ನುತ್ತ ಡಾಕ್ಟರ್ ಕುರ್ಚಿಗೆ ಮರಳಿ ಸರ್ಟಿಫಿಕೇಟನ್ನು ಹತ್ತಿರಕ್ಕೆಳೆದುಕೊಂಡರು. ಅದಕ್ಕೊಂದು ಸಹಿ ಬಿದ್ದರೆ ಬರುವ ವಾರ ರಾಷ್ಟ್ರಮಟ್ಟದ ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ತೆಲಂಗಾಣದ ಪರವಾಗಿ ವೈಭವಿ ರಿಬ್ಬನ್ ಹಿಡಿದು ಸ್ಪರ್ಧೆಗಿಳಿಯುತ್ತಾಳೆ. ಬೀಳದಿದ್ದರೆ ಆ ಜಾಗಕ್ಕೆ ಇನ್ನೊಬ್ಬಳು ಕಾದಿದ್ದಾಳೆ.

ಅಮ್ಮ ಜಗದೇವಿ ಮಗಳ ಬಾಯಿಯನ್ನೇ ನೋಡುತ್ತಿದ್ದಳು. ಆ ನಗು ಅವಳಿಗೆ ಚೆನ್ನಾಗಿ ಗೊತ್ತು. ಮಣಿಕೊಂಡದ ಮನೆಯಲ್ಲಿ ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿ ತಾನೇ ಕಲಿಸಿದ್ದು. ‘ಕಾಲು ಉಳುಕಲಿ, ಬೆನ್ನ ಹಿಡೀಲಿ, ಜಡ್ಜ್ ಮುಂದ ಮಾರಿ ಸಣ್ಣ ಮಾಡಬ್ಯಾಡ. ಎಷ್ಟ್ ನೋವಾಗ್ತೈತಿ, ಅಷ್ಟ್ ನಗಬೇಕು.’ ನಿಜವಾಗಿ ಖುಷಿಯಾದಾಗ ವೈಭವಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಗುವವಳು. ಹೀಗೆ ಹಲ್ಲು ತೋರಿಸಿ ಅವಳು ಮನೆಯಲ್ಲಿ ಎಂದೂ ನಕ್ಕಿಲ್ಲ.

ಡಾಕ್ಟರ್ ಪೆನ್ನಿನ ಕ್ಯಾಪ್ ತೆಗೆದರು. ವೈಭವಿ ಅಮ್ಮನ ಕಡೆ ತಿರುಗಿ, ಏನೂ ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ತುಟಿ ಮಾತ್ರ ಹಾಗೆಯೇ ಅಗಲವಾಗಿ ನಿಂತಿತ್ತು. ಜಗದೇವಿ ಎದ್ದು ಬಂದು ಆ ಕಾಗದದ ಮೇಲೆ ಅಂಗೈ ಊರಿದಳು.

“ಸಹಿ ಮಾಡಬ್ಯಾಡ್ರಿ ಡಾಕ್ಟ್ರೇ,” ಎಂದಳು. “ಆಕಿ ನಗಾಕತ್ತಾಳ್ರಿ.”