ಕೊಂಬಿನ ಲೋಟ

ತೆರಿಗೆ ಕಚೇರಿಯ ನಿಮಿಯಾ ತೆರೆರೆ ಎಂಬ ತಣ್ಣನೆಯ ಎಲೆಪಾನೀಯ ತುಂಬಿದ ಕೊಂಬಿನ ಲೋಟವನ್ನು ಮೊದಲ ಸಲ ಸಹೋದ್ಯೋಗಿ ಬ್ಲಾಸಿದಾಳತ್ತ ಚಾಚಿದಳು. "ತಗೊಳ್ಳೇ. ಬೇಕರಿಯವನ ಮೇಲೆ ಸುಳ್ಳು ದಂಡ ಬರೆದಿದೀವಿ. ನೀನೊಂದು ಸಹಿ ಹಾಕು, ಕೈ ಬಿಸಿ ಮಾಡೇ ಮಾಡ್ತಾನೆ. ನಿಂಗೂ ಪಾಲು." ಲೋಟ ಕೈಯಿಂದ ಕೈಗೆ ಸುತ್ತುತ್ತಿತ್ತು. ಥ್ಯಾಂಕ್ಸ್ ಅಂದರೆ ಇನ್ನು ಸಾಕು ಎಂದರ್ಥ, ಅಂದವರಿಗೆ ಅದು ಮತ್ತೆ ಬರುವುದಿಲ್ಲ. ಆ ಗುಂಪಿನಲ್ಲಿ ಯಾರೂ ಹಾಗನ್ನುತ್ತಿರಲಿಲ್ಲ.

ನಿಮಿಯಾಳ ಹೊಸ ಚಿನ್ನದೋಲೆ ಮಿನುಗಿತು. ಬ್ಲಾಸಿದಾಗೆ ಎಂದಿನಂತೆ ಹೊಟ್ಟೆ ಉರಿಯಿತು. ತನ್ನ ಕಿವಿಗೂ ಅಂಥದ್ದು ಒಪ್ಪುತ್ತಿತ್ತು. ಅವಳು ಪೂರ್ತಿ ಹೀರಿದಳು.

ಬಾಗಿಲಲ್ಲಿ ಕಾಯುತ್ತಿದ್ದ ಬೇಕರಿಯ ಮುದುಕ ಅವಳು ಬೆವರುವುದನ್ನು ಕಂಡು, ತನ್ನತ್ತ ಬೀಸುತ್ತಿದ್ದ ಫ್ಯಾನನ್ನು ಸದ್ದಿಲ್ಲದೆ ಅವಳ ಕಡೆ ತಿರುಗಿಸಿದ.

ಓಲೆ ಇನ್ನೂ ಮಿನುಗುತ್ತಿತ್ತು, ಹೊಟ್ಟೆ ಇನ್ನೂ ಉರಿಯುತ್ತಿತ್ತು. ಬ್ಲಾಸಿದಾ ಲೋಟವನ್ನು ಹಿಂದಕ್ಕೆ ಕೊಟ್ಟಳು.

"ಥ್ಯಾಂಕ್ಸ್, ನಿಮಿಯಕ್ಕ."