ಕೆಡದ ಕಂಪ್ಯೂಟರ್

ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮುಖ್ಯ ಕಚೇರಿಯಿಂದ ಹೊಸ ಭದ್ರತಾ ಸಾಫ್ಟ್‌ವೇರ್ ನೆಟ್ ಮೂಲಕ ಆಫೀಸಿನ ಕಂಪ್ಯೂಟರುಗಳಿಗೆ ತಾನಾಗಿಯೇ ಬಂದು ಕೂತಿತ್ತು. ಬೆಳಿಗ್ಗೆ ನೋಡಿದರೆ ಕಂಪ್ಯೂಟರುಗಳೆಲ್ಲ ನೀಲಿ ಪರದೆ ತೋರಿಸಿ ಮಲಗಿದ್ದವು. ಗುಮಾಸ್ತೆ ಪಂಕಜಾಕ್ಷಿಯದೊಂದು ಮಾತ್ರ ಗುಂಡುಕಲ್ಲಿನ ಹಾಗಿತ್ತು.

"ಇದ್ಹೇಗೆ ಉಳೀತು ಮೇಡಂ?" ರಿಪೇರಿಗೆ ಬಂದವನು ಬೆರಗಾದ.

"ಮನೆಗೆ ಹೋಗೋವಾಗ ನೆಟ್ ವೈರ್ ಕಿತ್ತಿಟ್ಟೇ ಹೋಗೋದಪ್ಪ, ಗ್ಯಾಸ್ ಆಫ್ ಮಾಡೋ ಹಾಗೆ."

ಅವನು ಕೈಮುಗಿದ. ಸುದ್ದಿ ಕೇಳಿ ಸಾಹೇಬರೇ ಎದ್ದು ಬಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇವತ್ತಾದರೂ ಒಂದು ಶಹಭಾಸ್ ಸಿಗುತ್ತದೆಂದು ಪಂಕಜಾಕ್ಷಿ ಸೆರಗು ಸರಿಮಾಡಿಕೊಂಡಳು.

"ಅರ್ಜೆಂಟಾಗಿ ಒಂದು ನೋಟಿಸ್ ಹೋಗ್ಬೇಕು. ನಿಮ್ದೊಂದೇ ನಡೀತಿರೋದು, ಟೈಪ್ ಮಾಡ್ರಿ."

"ಯಾರಿಗೆ ಸರ್?"

"ನಿಮಗೇ ಕಣ್ರಿ. ಎಲ್ಲರ ಕಂಪ್ಯೂಟರಿಗೂ ಬಂದ ಸಾಫ್ಟ್‌ವೇರು ನಿಮ್ದಕ್ಕೆ ಮಾತ್ರ ಯಾಕೆ ಬಂದಿಲ್ಲ ಅಂತ."